ನಾಲ್ಕನೆಯ ಒದೆ

ನಾನು ಹುಟ್ಟುವಾಗ ಮೊದಲು ಹೊರಗೆ ಬಂದದ್ದು ಎಡಗಾಲು. ಗುಬ್ಬಿಯ ಹೆರಿಗೆ ಆಸ್ಪತ್ರೆಯಲ್ಲಿ ಅವ್ವ ಒಂದೂವರೆ ದಿನ ಒದ್ದಾಡಿದಳಂತೆ. ಕೊನೆಗೆ ನರ್ಸಮ್ಮ ಕಾಲು ಹಿಡಿದು ಎಳೆದಾಗ ನಾನು ನೀಲಿಗಟ್ಟಿದ್ದೆ. ತಲೆಕೆಳಗಾಗಿ ಹಿಡಿದು ಬಾರಿಸಿದ ಮೇಲೆಯೇ ಅತ್ತದ್ದು. ಅವ್ವ ಬದುಕಿದಳು, ಆದರೆ ಮತ್ತೆ ಬಸಿರಾಗಲಿಲ್ಲ. ಗಂಡುಮಗು ಕೊಡಲಿಲ್ಲ ಎಂಬ ಸಿಟ್ಟನ್ನು ಅಪ್ಪ ಇಪ್ಪತ್ತು ವರ್ಷ ಅವಳ ಮೈಮೇಲೆ ತೀರಿಸಿಕೊಂಡ. ಆ ಹೆರಿಗೆಯಿಂದ ಲಾಭವಾದದ್ದು ನನಗೊಬ್ಬಳಿಗೆ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಹಾಗಾಗಿ ಐದನೇ ವಯಸ್ಸಿನಿಂದಲೇ ನಾನು ದೊಡ್ಡ ದೊಡ್ಡ ಗಂಡಸರನ್ನೆಲ್ಲ ಒದ್ದವಳು.

ಅದಕ್ಕೊಂದು ಕ್ರಮವಿತ್ತು. ಭಾನುವಾರ ಬೆಳಿಗ್ಗೆ ಆಗಬೇಕು. ಬಂದವರೂ ಹಸಿದಿರಬೇಕು, ನಾನೂ ಹಸಿದಿರಬೇಕು. ಅವರು ನಮ್ಮ ಮನೆಯ ಬಾಗಿಲ ಚೌಕಟ್ಟು ಹಿಡಿದು ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ನಾನು ಹಿಂದಿನಿಂದ ಎಡಗಾಲಲ್ಲಿ ಮೂರು ಸಲ ಒದೆಯಬೇಕು. ಕಾಸು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ. ಒದೆಸಿಕೊಂಡವರು ಹಿರಿಯರಾದರೆ ಆಮೇಲೆ ಅವರ ಪಾದ ಮುಟ್ಟಿ ತಪ್ಪಾಯ್ತು ಅನ್ನಬೇಕು. ಹೆಬ್ಬೂರಿನಿಂದ ಮೊದಲನೇ ಬಸ್ಸಿಗೆ ಬರುತ್ತಿದ್ದ ಒಬ್ಬ ಗೌಡರಂತೂ, "ಇನ್ನೊಸಿ ಜೋರಾಗ್ ಒದಿಯವ್ವ, ನಮ್ಮನೆ ಎಮ್ಮೆ ನಿನಗಿಂತ ಚೆಂದಾಗ್ ಒದೀತದೆ" ಎಂದು ನಗಿಸುತ್ತಿದ್ದರು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಏಯ್, ಸೊಂಟದ ಮೂಳೆ ನೋಡ್ಕೊಂಡು ಒದಿ, ಮೇಲಕ್ ಒದೀಬ್ಯಾಡ" ಎಂದು ಮೇಸ್ತ್ರಿಗಿರಿ ಮಾಡುತ್ತಿದ್ದ.

ಅಪ್ಪನದು ಕಮಾನಿನ ಕೆಲಸ. ಲಾರಿಯ ಅಡಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಲಾರಿಯ ಭಾರವೆಲ್ಲ ಹೊರುವಂಥವು, ಅವನ್ನು ಬಿಚ್ಚಿ, ಕಾಸಿ, ಬಡಿದು, ಬಾಗಿಸಿ ಮತ್ತೆ ಕೂರಿಸುವುದು. ನಮ್ಮ ಮನೆ ತುಮಕೂರಿನಲ್ಲಿತ್ತು, ಊರಂಚಿನ ಸತ್ಯಮಂಗಲದಲ್ಲಿ ಅವನ ಶೆಡ್ಡು. ಎಂಟು ಸೇರಿನ ಸುತ್ತಿಗೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಎತ್ತಿ ಹೊಡೆಯುತ್ತಿದ್ದ. ಸಂಜೆ ಮನೆಗೆ ಬಂದ ಮೇಲೂ ಆ ಕೈಗೆ ನಿಲ್ಲುವುದು ಗೊತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನೆರೆಯವರು ಹೇಳಿ ಸುಮ್ಮನಾಗುತ್ತಿದ್ದರು. ನಮ್ಮ ಮನೆಯಲ್ಲಿ ಉಣ್ಣುವ ತಟ್ಟೆಯೇ ಮೊದಲು ಹಾರುತ್ತಿತ್ತು. ಅವ್ವನಿಗೆ ಕೈ ಬರುವ ಮೊದಲೇ ಬಗ್ಗುವ ಅಭ್ಯಾಸವಾಗಿತ್ತು. ಅಪ್ಪ ತಲೆ ಕೆರೆದುಕೊಳ್ಳಲು ಕೈ ಎತ್ತಿದರೂ ಅವಳ ಕತ್ತು ಎಡಕ್ಕೆ ವಾಲುತ್ತಿತ್ತು. ನನಗೂ ಬೀಳುತ್ತಿತ್ತು, ಬೆನ್ನಿಗೆ, ಕೆನ್ನೆಗೆ, ಕೈಗೆ. ಕಾಲಿಗೆ ಮಾತ್ರ ಹೊಡೆಯುತ್ತಿರಲಿಲ್ಲ. ಭಾನುವಾರದ ಮರ್ಯಾದೆ ಅದರಲ್ಲಿತ್ತಲ್ಲ.

ಅವನ ಸೊಂಟ ಕೈಕೊಟ್ಟದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ನನಗೆ ಹತ್ತೊಂಬತ್ತು, ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಮೊದಮೊದಲು ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯುತ್ತಿದ್ದ. ಆಮೇಲೆ ಬಲಗಾಲಿನ ಹಿಂಭಾಗದಲ್ಲಿ ಕರೆಂಟು ಹೊಡೆದ ಹಾಗೆ ಆಗುತ್ತದೆ ಎಂದ. ತುಮಕೂರಿನ ಮೂಳೆ ಡಾಕ್ಟರೊಬ್ಬರ ಹತ್ತಿರ ಹೋದೆವು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಏನ್ ಕೆಲಸ ನಿಮ್ದು?" ಎಂದು ಕೇಳಿದರು. ಅಪ್ಪ ಹೇಳಿದ. "ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ಮೂಳೆ ಮೂಳೆ ಮಧ್ಯೆ, ನಿಮ್ಮ ಕಮಾನಿಗಿರೋ ಹಾಗೆ, ಮೆತ್ತನೆ ಬುಶ್ ಇರುತ್ತೆ. ಕೆಳಗಿನ ಎರಡು ಸವೆದು ಹೋಗಿವೆ. ಹೊಸದು ಹಾಕೋಕಾಗಲ್ಲ. ಆಪರೇಷನ್ನೂ ಈಗ ಬೇಡ. ಭಾರ ಎತ್ತೋದು ಬಿಡಿ, ಬೆಲ್ಟ್ ಕಟ್ಟಿ, ನಾನು ಹೇಳೋ ವ್ಯಾಯಾಮ ಮಾಡಿ." ಅಪ್ಪ ಹೊರಗೆ ಬಂದು ಚೀಟಿಯನ್ನು ಮಡಿಸಿ ಕಿವಿ ಕೆರೆದುಕೊಂಡ. "ಕಮಾನ್ ಬಡಿಯೋನು ವ್ಯಾಯಾಮ ಮಾಡಬೇಕಂತೆ. ಇವ್ನವ್ವನ್" ಎಂದು ಆ ಚೀಟಿಯನ್ನು ಬಸ್‌ಸ್ಟ್ಯಾಂಡಿನಲ್ಲೇ ಎಸೆದ.

ಊರಿನ ಸೊಂಟವನ್ನೆಲ್ಲ ಒದೆಯುವವಳು ಮನೆಯಲ್ಲೇ ಇದ್ದಾಗ ಅವನೇಕೆ ನನ್ನ ಮುಂದೆ ನಿಲ್ಲಲಿಲ್ಲ ಎಂದು ಯಾರಾದರೂ ಕೇಳಬಹುದು. ಮಗಳ ಕಾಲು ಅಪ್ಪನಿಗೆ ತಗುಲುವುದು ಪಾಪ. ಅದಕ್ಕಿಂತ ಹೆಚ್ಚಾಗಿ, ಅವನು ಹೊಡೆಯುವವನು. ಒದೆಸಿಕೊಳ್ಳಲು ನಿಲ್ಲುವುದು ಅವನ ಜಾತಕದಲ್ಲಿರಲಿಲ್ಲ. ಒಂದು ವರ್ಷ ಹಾಗೇ ಎಣ್ಣೆ ತಿಕ್ಕಿಸಿಕೊಂಡು, ಮಾತ್ರೆ ನುಂಗಿ, ಸುತ್ತಿಗೆ ಎತ್ತಿದ. ನೋವು ಹೆಚ್ಚಾದಷ್ಟೂ ಕೈ ಬೀಸುವುದೂ ಹೆಚ್ಚಾಯಿತು. ಅವ್ವನಿಗೆ ಬೀಳುವ ಏಟಿಗೆ ಮೊದಲು ಒಂದು ನೆಪವಾದರೂ ಬೇಕಿತ್ತು, ಈಗ ಅದೂ ಬೇಕಿರಲಿಲ್ಲ.

ಒಂದು ಗುರುವಾರ ಅವ್ವ ಶೆಡ್ಡಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗುವುದು ತಡವಾಯಿತು. ಸಿಟಿ ಬಸ್ಸು ಕೆಟ್ಟು ನಿಂತಿತ್ತು. ಅವಳು ಬಿಸಿಲಲ್ಲಿ ನಡೆದೇ ಹೋಗಿದ್ದಳು. ಅಪ್ಪ ಒಂದು ಮಾತೂ ಕೇಳದೆ, ಆಳುಗಳ ಮುಂದೆ, ಅಂಗೈಯಿಂದ ಅವಳ ಎಡಗಿವಿಗೆ ಬಾರಿಸಿದ. ಅವಳು ಕ್ಯಾರಿಯರ್ ಸಮೇತ ಉಕ್ಕಿನ ಪಟ್ಟಿಗಳ ಮೇಲೆ ಬಿದ್ದಳು. ಕಿವಿಯಿಂದ ರಕ್ತ ಬಂತು. ಮನೆಗೆ ಬಂದಾಗ ಕುತ್ತಿಗೆಯ ಮೇಲೆ ಹೆಪ್ಪುಗಟ್ಟಿತ್ತು, ಸೀರೆಯ ಮೇಲೆ ಸಾರು ಚೆಲ್ಲಿತ್ತು. ನಾನು "ಅವ್ವಾ" ಎಂದು ಕರೆದೆ, ಅವಳು ತಿರುಗಲಿಲ್ಲ. ಬಲಗಡೆಗೆ ಹೋಗಿ ಕರೆದಾಗ ತಿರುಗಿದಳು. ಆ ಎಡಗಿವಿ ಅವತ್ತಿಗೆ ಹೋಯಿತು, ಮತ್ತೆ ಬರಲಿಲ್ಲ.

ಅಪ್ಪನ ಮೂಗು ನನಗೆ ಬಂದಿಲ್ಲ, ಬಣ್ಣವೂ ಬಂದಿಲ್ಲ. ಅವನ ಸಿಟ್ಟು ಮಾತ್ರ ಪೂರ್ತಿಯಾಗಿ ಬಂದಿದೆ. ಗುರುವಾರದಿಂದ ಭಾನುವಾರದವರೆಗೆ ಅದು ಇಳಿಯಲಿಲ್ಲ. ಒಲೆಯ ಮುಂದೆ ಕೂತಾಗ ಕೈಯಲ್ಲಿದ್ದ ಇಕ್ಕಳವನ್ನು ನೋಡುತ್ತಾ ಏನೇನೋ ಯೋಚಿಸಿದೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಬಚ್ಚಲಿನಲ್ಲಿ ತಂಬಿಗೆ ಎತ್ತಲು ಬಗ್ಗಿದವನು ಬಗ್ಗಿದ ಹಾಗೇ ನಿಂತ. ಕೂಗಿಕೊಂಡ. ನಾವಿಬ್ಬರೂ ಹಿಡಿದು ತಂದು ನಡುಮನೆಯ ಚಾಪೆಯ ಮೇಲೆ ಬೋರಲು ಮಲಗಿಸಿದೆವು. ಅಲ್ಲಾಡಿದರೆ ಜೀವ ಹೋಗುವಂತೆ ಅರಚುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೆನ್ನೆಯನ್ನು ಚಾಪೆಗೆ ಒತ್ತಿಕೊಂಡೇ, ನನ್ನ ಮುಖ ನೋಡದೆ, "ತಿಂದಿದೀಯೇನೇ?" ಎಂದ. ನಾನು ಇಲ್ಲವೆಂದೆ. "ಹಂಗಾರೆ ಒದ್ದುಬುಡು" ಎಂದ.

ನಿಂತವರನ್ನು ಒದೆಯುವುದು ಬೇರೆ. ಕಾಲು ತಗುಲಿದ ಕೂಡಲೇ ಅವರ ಮೈ ಮುಂದಕ್ಕೆ ಹೋಗುತ್ತದೆ, ಪೆಟ್ಟಿನ ಅರ್ಧ ಬಲ ಅಲ್ಲೇ ಹೋಗುತ್ತದೆ. ಮಲಗಿದವನಿಗೆ ಹೋಗಲು ಜಾಗವಿಲ್ಲ, ಕೆಳಗೆ ಗಾರೆ ನೆಲ. ಇದು ನನಗೆ ಗೊತ್ತಿತ್ತೋ ಇಲ್ಲವೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗೊತ್ತಿತ್ತು. ಹದಿನೈದು ವರ್ಷ ಒದ್ದವಳಿಗೆ ಅಷ್ಟೂ ಗೊತ್ತಿರುವುದಿಲ್ಲವೇ? ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಮ್ಮಡಿಯಿಂದ ಒಂದು ಹಾಕಿದೆ. "ಹಾಂ" ಎಂದ. ಎರಡು. ಮೂರು. ಅಲ್ಲಿಗೆ ಕ್ರಮ ಮುಗಿದಿತ್ತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಬಲಗಿವಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ನಿಂತಿದ್ದಳು. ಅವಳ ಕುತ್ತಿಗೆಯ ಮೇಲಿನ ಕಂದು ಕಲೆ ಇನ್ನೂ ಹೋಗಿರಲಿಲ್ಲ. ನಾನು ಕಾಲನ್ನು ಮಂಡಿಯವರೆಗೆ ಎತ್ತಿ ನಾಲ್ಕನೆಯದನ್ನು ಹಾಕಿದೆ.

ಒಣಗಿದ ಸೌದೆಯನ್ನು ಮೊಣಕಾಲ ಮೇಲೆ ಮುರಿದ ಹಾಗೆ ಸದ್ದಾಯಿತು ಎಂದು ಬಹಳ ದಿನ ಅಂದುಕೊಂಡಿದ್ದೆ. ಸದ್ದೇನೂ ಆಗಿರಲಿಕ್ಕಿಲ್ಲ. ಅಪ್ಪ ಕೂಗಲಿಲ್ಲ ಎಂಬುದು ಮಾತ್ರ ನಿಜ. ಬಾಯಿ ತೆರೆದಿತ್ತು, ಉಸಿರು ಹೊರಗೆ ಬರಲಿಲ್ಲ, ಬೆರಳುಗಳು ಚಾಪೆಯ ಅಂಚನ್ನು ಕಿತ್ತವು. ನಾನು ಕ್ರಮ ತಪ್ಪದೆ ಅವನ ಪಾದ ಮುಟ್ಟಿ "ತಪ್ಪಾಯ್ತು" ಎಂದೆ. ಬಲಪಾದ ತಣ್ಣಗಿತ್ತು. "ಯಾವ ಕಾಲ್ ಮುಟ್ತಾ ಇದೀಯೇ?" ಎಂದು ಅವನು ಕೇಳಿದಾಗ ನನ್ನ ಸಿಟ್ಟೆಲ್ಲ ಇಳಿಯಿತು. ಅಡುಗೆಮನೆಗೆ ನೀರಿಗೆ ಹೋದಾಗ ಅವ್ವ ಮೆಲ್ಲಗೆ, "ಒಂದು ಜಾಸ್ತಿ ಆಯ್ತು ಕಣೇ" ಎಂದಳು. ಬಯ್ಗುಳದ ದನಿಯಲ್ಲಿ ಹೇಳಲಿಲ್ಲ.

ಪಕ್ಕದ ಕುಶನ್ ಅಂಗಡಿಯ ಸಾಬರು ತಮ್ಮ ಲಗೇಜ್ ಆಟೋದಲ್ಲಿ ಸ್ಪಂಜಿನ ಹಾಳೆ ಹಾಸಿ ಅಪ್ಪನನ್ನು ಆಸ್ಪತ್ರೆಗೆ ಸಾಗಿಸಿದರು. ಅದೇ ಡಾಕ್ಟರು. ಸೂಜಿಯಿಂದ ಪಾದ ಚುಚ್ಚಿದರು, ಹೆಬ್ಬೆರಳು ಎತ್ತಿ ಎಂದರು. ಎಡಗಾಲಿನದು ಎದ್ದಿತು. ಬಲಗಾಲಿನದು ಏಳಲಿಲ್ಲ. ಸೊಂಟದ ಮೇಲಿನ ಕೆಂಪು ಗುರುತನ್ನು ಬೆರಳಿಂದ ಸವರಿ, "ಯಾರಾದ್ರೂ ತುಳಿದ್ರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಬಚ್ಚಲಲ್ಲಿ ಜಾರಿ ಬಿದ್ದೆ ಸಾ" ಎಂದ. ನನ್ನನ್ನು ಉಳಿಸಲು ಹೇಳಿದನೋ, ಮಗಳ ಕಾಲಿಗೆ ಬಿದ್ದವನು ಅನ್ನಿಸಿಕೊಳ್ಳಲಾರದೆ ಹೇಳಿದನೋ ತಿಳಿಯದು. ಸವೆದಿದ್ದ ಬುಶ್ಶು ಹೊರಗೆ ಚಾಚಿ ನರ ಒತ್ತುತ್ತಿದೆ ಎಂದರು ಡಾಕ್ಟರು. ಉಚ್ಚೆ ಕಟ್ಟಿದರೆ ಅಥವಾ ಕಾಲು ಇನ್ನೂ ಸೋತರೆ ಬೆಂಗಳೂರಿಗೆ ಕರೆದೊಯ್ದು ಆಪರೇಷನ್ ಮಾಡಿಸಲೇಬೇಕು. ಇಲ್ಲದಿದ್ದರೆ ಮಲಗಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿ ಭಾರ ತೂಗುಬಿಟ್ಟು ಎಳೆಯಬೇಕು, ಆಮೇಲೆ ವ್ಯಾಯಾಮ. ಹೊರಗೆ ಬಂದ ಮೇಲೆ ನನ್ನೊಬ್ಬಳನ್ನೇ ಕರೆದು, "ತಿಂಗಳುಗಟ್ಟಲೆ ಆಗುತ್ತಮ್ಮ. ಮಾಡಿಸೋರು ಗಟ್ಟಿ ಇದ್ರೆ ಎದ್ದು ನಡೀತಾರೆ" ಎಂದರು. ಮಾಡಿಸುವವಳು ನಾನೇ ಎಂದು ಅಲ್ಲೇ ತೀರ್ಮಾನಿಸಿದೆ. ಅವನು ಏಳದಿದ್ದರೆ ಅವನನ್ನು ಕೆಡವಿದವಳು ಎಂಬುದು ಸಾಯುವವರೆಗೆ ನನ್ನ ಹೆಸರಿಗೆ ಅಂಟಿಕೊಳ್ಳುತ್ತದೆ ಎಂದು ಹೆದರಿದ್ದೆ.

ಮನೆಯಲ್ಲೇ ಎಳೆಯುವ ವ್ಯವಸ್ಥೆಯಾಯಿತು. ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಕುಶನ್ ಸಾಬರು ಕ್ಯಾನ್ವಾಸಿಗೆ ಒಳಗಡೆ ಸ್ಪಂಜು ಕೊಟ್ಟು ಸೊಂಟದ ಪಟ್ಟಿ ಹೊಲಿದುಕೊಟ್ಟರು. "ಲಾರಿ ಸೀಟಿಗಿಂತ ಮೆತ್ತಗೆ ಮಾಡಿದೀನಿ, ಬಯ್ಯಂಗಿಲ್ಲ" ಎಂದು ಅಪ್ಪನನ್ನು ಕಿಚಾಯಿಸಿದರು. ಪಟ್ಟಿಯಿಂದ ಎರಡು ಹಗ್ಗ, ಮಂಚದ ಅಂಚಿನಲ್ಲಿ ಬಾವಿಯ ರಾಟೆ, ರಾಟೆಯ ಆಚೆ ಭಾರ. ಭಾರಕ್ಕೆ ಮರಳಿನ ಚೀಲ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಕೇಳಲಿಲ್ಲ, ಶೆಡ್ಡಿನಿಂದ ತನ್ನ ಕಮಾನಿನ ತುಂಡುಪಟ್ಟಿಗಳನ್ನೇ ತರಿಸಿದ. ಯಾವುದು ಎಷ್ಟು ತೂಕ ಎಂದು ಅವನಿಗೆ ಕೈಯಲ್ಲಿ ಹಿಡಿದರೇ ಗೊತ್ತಾಗುತ್ತಿತ್ತು. ಎಡಕ್ಕೆ ಮೂರು, ಬಲಕ್ಕೆ ಮೂರು. ದಿನಕ್ಕೆ ಹಲವು ಸಲ ಕಟ್ಟುವುದು, ಬಿಚ್ಚುವುದು. ಲಾರಿಗಳನ್ನು ಹೊತ್ತ ಉಕ್ಕು ಈಗ ಅವನನ್ನು ಕಾಲ ಕಡೆಯಿಂದ ಜಗ್ಗುತ್ತಿತ್ತು.

ಆ ತಿಂಗಳುಗಳಲ್ಲಿ ಅವ್ವ ಬೇರೆಯೇ ಹೆಂಗಸಾದಳು. ಇದನ್ನು ಬರೆಯಲು ನನಗೆ ಈಗಲೂ ಸಂತೋಷ. ಅಪ್ಪನ ಮೈ ಒರೆಸುವುದು, ಮಲದ ಪಾತ್ರೆ ತೆಗೆಯುವುದು, ತುತ್ತು ಮಾಡಿ ತಿನ್ನಿಸುವುದು, ಯಾವುದರಲ್ಲೂ ಒಂದು ದಿನ ಮುಖ ಸಿಂಡರಿಸಲಿಲ್ಲ. ಆದರೆ ಕೆಲಸ ಮುಗಿಸಿ ಅವನ ಕೈಗೆ ಎಟುಕದಷ್ಟು ದೂರದಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂರುತ್ತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ಮೊದಲು ನೋಡಿರಲಿಲ್ಲ. ಓಣಿಯ ಹೆಂಗಸರನ್ನು ಕರೆದು ಜಗುಲಿಯಲ್ಲಿ ಚೌಕಾಬಾರ ಆಡಿದಳು, ಕಾಯಿ ಹೊಡೆದಾಗ ಚಪ್ಪಾಳೆ ತಟ್ಟಿ ನಕ್ಕಳು. ಕೆನ್ನೆ ತುಂಬಿಕೊಂಡಿತು. ಅಪ್ಪ ಒಳಗಿನಿಂದ ಕೂಗಿದರೆ, "ಇರ್ರೀ, ಬಂದೆ" ಎಂದು ಆಟ ಮುಗಿಸಿ ಏಳುತ್ತಿದ್ದಳು. ಮೊದಲಾಗಿದ್ದರೆ "ಇರ್ರೀ" ಎಂಬ ಮಾತಿಗೇ ಹಲ್ಲು ಉದುರುತ್ತಿತ್ತು.

ಅಪ್ಪ ಮಲಗಿದ್ದೂ ಸುಮ್ಮನಿರಲಿಲ್ಲ. ಬಾಯಿ ಕೈಯ ಕೆಲಸವನ್ನೂ ವಹಿಸಿಕೊಂಡಿತ್ತು. ಒಂದು ಮಧ್ಯಾಹ್ನ ಗಂಜಿ ಬಿಸಿಯಾಯಿತೆಂದು ಸ್ಟೀಲ್ ಲೋಟವನ್ನು ಬೀಸಿದ. ಅದು ಅವ್ವನ ಹುಬ್ಬಿಗೆ ತಾಗಿ ಚರ್ಮ ಬಿಚ್ಚಿತು. ಅವನ ಸೊಂಟಕ್ಕೆ ಆಗ ಭಾರ ಕಟ್ಟಿತ್ತು. ನಾನು ಮೂಲೆಯಲ್ಲಿದ್ದ ದೊಡ್ಡ ಕಮಾನುಪಟ್ಟಿಯನ್ನು ಎತ್ತಿ ಬಲಗಡೆಯ ಹಗ್ಗಕ್ಕೆ ಸಿಕ್ಕಿಸಿದೆ. ಮಂಚ ಕಿರ್ ಎಂದಿತು. ಅಪ್ಪನ ಮೈ ಒಂದು ಗೇಣು ಕಾಲ ಕಡೆಗೆ ಜಾರಿತು, ಕುತ್ತಿಗೆಯ ನರ ಉಬ್ಬಿತು. "ತೆಗಿಯೇ, ತೆಗಿಯೇ ಮುಂಡೆ" ಎಂದು ಅರಚಿದ. ತೆಗೆಯಲಿಲ್ಲ. ಅವನ ಕಣ್ಣಿನಿಂದ ನೀರು ಕಿವಿಗೆ ಇಳಿಯುವುದನ್ನು ನೋಡುತ್ತಾ ನಿಂತೆ. ನನಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ.

ತೆಗೆದವಳು ಅವ್ವ. ಹುಬ್ಬಿನ ರಕ್ತವನ್ನು ಸೆರಗಿಗೆ ಒರೆಸಿಕೊಂಡು ಬಂದು ಪಟ್ಟಿಯನ್ನು ಇಳಿಸಿ ನನ್ನನ್ನು ಹಿತ್ತಲಿಗೆ ಎಳೆದೊಯ್ದಳು. "ಬ್ಯಾಡ ಕಣೇ. ನೋಯಿಸೋದ್ ಬ್ಯಾಡ. ಅವ್ರು ಹಿಂಗೇ ಮಲಗಿದ್ರೆ ಸಾಕು ನಂಗೆ" ಎಂದಳು. ಸೆರಗನ್ನು ಮತ್ತೆ ಹುಬ್ಬಿಗೆ ಒತ್ತಿಕೊಂಡು, "ನೀನು ಎಬ್ಬಿಸಕ್ ಹೋಗ್ತಾ ಇದೀಯ" ಎಂದಳು. ಅಷ್ಟು ದಿನ ನಾನು ನನ್ನ ತಪ್ಪನ್ನು ತೊಳೆಯುವುದನ್ನೇ ಯೋಚಿಸಿದ್ದೆ. ಅವನು ಎದ್ದರೆ ಅವನ ಕೈಯೂ ಅವನ ಜೊತೆಗೇ ಏಳುತ್ತದೆ ಎಂಬುದನ್ನು ಯೋಚಿಸಿರಲಿಲ್ಲ.

ಆದರೂ ನಾನು ಬಿಡಲಿಲ್ಲ. ಯಾಕೆಂದರೆ ಆ ಹೆಬ್ಬೆರಳು. ಬೆಳಿಗ್ಗೆ ಎದ್ದ ಕೂಡಲೇ ಅವನ ಬಲಪಾದದ ಮುಂದೆ ಕೂತು, "ಎತ್ತು" ಎನ್ನುತ್ತಿದ್ದೆ. ಅದು ಸತ್ತ ಹಲ್ಲಿಯಂತೆ ಬಿದ್ದಿರುತ್ತಿತ್ತು. ಡಾಕ್ಟರು ಹೇಳಿಕೊಟ್ಟದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಮಂಡಿ ಮಡಚಿ ಎದೆಗೆ ತರುವುದು. ಸೊಂಟವನ್ನು ನೆಲಕ್ಕೆ ಒತ್ತಿ ಹತ್ತು ಎಣಿಸುವುದು. ಬೋರಲು ಮಲಗಿ ಕೈಯೂರಿ ಎದೆ ಎತ್ತುವುದು. ಅವ್ವ ಎಷ್ಟೋ ದಿನ ಬಾಗಿಲಲ್ಲಿ ನಿಂತು, "ಇವತ್ತೊಂದಿನ ಬುಡು, ಸುಸ್ತಾಗವ್ರೆ" ಎನ್ನುತ್ತಿದ್ದಳು. ಅದು ಕರುಣೆಯಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಬಾಗಿಲು ಹಾಕಿಕೊಂಡು ಮಾಡಿಸುತ್ತಿದ್ದೆ. ಅವ್ವನ ಮೇಲೂ ರೇಗಿದ್ದೇನೆ. "ನಿಂಗೇನು, ಒದ್ದೋಳು ನಾನು" ಎಂದು ಒಮ್ಮೆ ಕೂಗಿಬಿಟ್ಟೆ. ಅವಳು ಬಲಗಿವಿಗೆ ಬಿದ್ದ ಮಾತನ್ನು ಎಡಗಿವಿಗೆ ಬಿದ್ದಂತೆ ನಟಿಸಿ ಒಳಗೆ ಹೋದಳು.

ವ್ಯಾಯಾಮದ ಹೊತ್ತು ಜಗಳದ ಹೊತ್ತೇ ಆಗಿತ್ತು. ನಾನು ಕಾಲು ಎತ್ತಿ ಹಿಡಿದರೆ ಅವನು ಉಗುರಿನಿಂದ ನನ್ನ ಮುಂಗೈ ಪರಚುತ್ತಿದ್ದ. ಕೂದಲು ಹಿಡಿದೆಳೆದಿದ್ದಾನೆ. ನಾನು ಅವನ ಮಂಡಿಯ ಮೇಲೆ ಮೈಭಾರ ಬಿಟ್ಟು ಇನ್ನಷ್ಟು ಬಗ್ಗಿಸಿದ್ದೇನೆ. ಒಂದು ದಿನ ಅವನು ಹತ್ತರವರೆಗೆ ಒತ್ತಿ ಹಿಡಿಯಬೇಕಿತ್ತು, ನಾನು ಅವನ ಕಾಲು ಹಿಡಿದು ಎಣಿಸುತ್ತಿದ್ದೆ. ಎಂಟಕ್ಕೆ ಬಿಟ್ಟುಬಿಟ್ಟ. "ಇನ್ನೂ ಎರಡಿದೆ" ಎಂದೆ. ಏದುಸಿರು ಬಿಡುತ್ತಾ ಸೂರು ನೋಡುತ್ತಿದ್ದವನು, "ಈಗ ಎಣಿಸಕ್ ಬರುತ್ತಾ ನಿಂಗೆ? ಅವತ್ತು ಬರಲಿಲ್ವಲ್ಲ" ಎಂದ.

ಅವನೂ ಎಣಿಸಿದ್ದ. ನಾನು ಅವನ ಕಾಲನ್ನು ಕೆಳಗಿಡಲಿಲ್ಲ. "ಬರ್ತಿತ್ತು. ನಾಲ್ಕನೇದು ಅವ್ವನ ಕಿವೀದು" ಎಂದೆ. ಹೊಡೆಯುತ್ತಾನೆ ಎಂದುಕೊಂಡು ಹಲ್ಲು ಕಚ್ಚಿದೆ. ಅವನು ಸೂರಿನಿಂದ ಕಣ್ಣು ಇಳಿಸಿ ನನ್ನನ್ನು ನೋಡಿ, "ನನ್ ಮಗಳೇ ಕಣೇ ನೀನು" ಎಂದ. ಅದರಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಹೆಮ್ಮೆಯಿತ್ತು. ನಾನು ಅವನ ಕಾಲನ್ನು ಕೆಳಗಿಟ್ಟು ಕೈ ತೊಳೆಯಲು ಎದ್ದೆ. ಅವ್ವನ ಕಿವಿಯ ಬಗ್ಗೆ ಅವನು ಅವತ್ತೂ ಮಾತಾಡಲಿಲ್ಲ, ಮುಂದೆಯೂ ಮಾತಾಡಲಿಲ್ಲ. ಆ ನಾಲ್ಕನೆಯ ಒದೆಗೆ ನಾನು ಎಷ್ಟೋ ರಾತ್ರಿ ಅತ್ತಿದ್ದೇನೆ. ಅವನ ಏಟುಗಳಿಗೆ ಅತ್ತವಳು ಅವ್ವ ಒಬ್ಬಳೇ.

ಐದನೇ ತಿಂಗಳಿಗೆ ಹೆಬ್ಬೆರಳು ಅಲುಗಿತು. ನಾನು ಕುಣಿದಾಡಿಬಿಟ್ಟೆ. ಕುಶನ್ ಸಾಬರನ್ನು ಕರೆತಂದು ತೋರಿಸಿದೆ. ಅವರು ಬಗ್ಗಿ ನೋಡಿ, "ಮಾಷಾ ಅಲ್ಲಾ, ಇಂಡಿಕೇಟರ್ ಬಂತಲ್ಲಪ್ಪ, ಇನ್ ಗಾಡಿ ಹೊರಡುತ್ತೆ" ಎಂದರು. ಅವ್ವ ಎಲ್ಲರಿಗೂ ಕಾಫಿ ತಂದುಕೊಟ್ಟಳು. ಆಮೇಲೆ ಬೆಲ್ಟ್ ಕಟ್ಟಿಕೊಂಡು ನಿಲ್ಲುವುದು, ಗೋಡೆ ಹಿಡಿದು ನಡೆಯುವುದು, ಓಣಿಯ ತುದಿಯವರೆಗೆ, ಮುಖ್ಯ ರಸ್ತೆಯವರೆಗೆ. ಬಗ್ಗುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸುವುದನ್ನು, ತಿರುಗುವಾಗ ಸೊಂಟ ತಿರುಚದೆ ಪಾದ ತಿರುಗಿಸುವುದನ್ನು ಮಗುವಿಗೆ ಕಲಿಸಿದಂತೆ ಕಲಿಸಿದೆ. ಕಲಿತ. ಹಟಮಾರಿ ಮನುಷ್ಯನಿಗೆ ಒಮ್ಮೆ ತಲೆಗೆ ಹೋದರೆ ಆಯಿತು. ಡಾಕ್ಟರು ಕೊನೆಗೆ ನೋಡಿದಾಗ, "ಆಪರೇಷನ್ ತಪ್ಪಿತು. ಸವೆದದ್ದು ಸವೆದ ಹಾಗೇ ಇರುತ್ತೆ, ಆದ್ರೆ ಸುತ್ತಲ ಮಾಂಸಖಂಡ ಗಟ್ಟಿಯಾಗಿದೆ. ಪುಣ್ಯಕ್ಕೆ ಇಂಥ ಮಗಳು ಸಿಕ್ಕಿದಾಳೆ" ಎಂದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಬಚ್ಚಲಲ್ಲಿ ಬಿದ್ದದ್ದಕ್ಕೆ ಹೀಗಾಯಿತೋ ಎಂದು ನಾನು ಕೇಳಿದ್ದಕ್ಕೆ, ಈ ಡಿಸ್ಕು ಹೇಗೂ ಒಂದು ದಿನ ಜಾರುತ್ತಿತ್ತು, ಸೀನಿದರೂ ಸಾಕಿತ್ತು ಎಂದರು. ಆ ಮಾತು ಕೇಳಲು ನಾನು ಎಂಟು ತಿಂಗಳು ಕಾದಿದ್ದೆ, ಆದರೂ ಎದೆ ಹಗುರಾಗಲಿಲ್ಲ.

ಮರುವಾರ ಅಪ್ಪ ಶೆಡ್ಡಿಗೆ ಹೋದ. ಸುತ್ತಿಗೆ ಹಿಡಿಯಬಾರದು, ಸ್ಟೂಲಿನ ಮೇಲೆ ಕೂತು ಆಳುಗಳಿಗೆ ಹೇಳಬೇಕು, ಅಷ್ಟೇ ಎಂದು ಒಪ್ಪಂದ. ಸಂಜೆ ಐದಕ್ಕೆ ನಡೆದುಕೊಂಡೇ ವಾಪಸು ಬಂದ. ಬೆಲ್ಟನ್ನು ಕೈಯಲ್ಲಿ ಸುತ್ತಿ ಹಿಡಿದಿದ್ದ, ಕಟ್ಟಿಕೊಂಡಿರಲಿಲ್ಲ. ಅವ್ವ ಜಗುಲಿಯಲ್ಲಿ ಚೌಕಾಬಾರದ ಮುಂದೆ ಕೂತಿದ್ದಳು, ಎದುರು ಪಕ್ಕದ ಮನೆಯವಳು. ಗೆಲ್ಲುವ ಆಟ. "ನೀರು" ಎಂದ ಅಪ್ಪ. ಅವ್ವ ಕವಡೆ ಕೈಯಲ್ಲಿ ಕುಲುಕುತ್ತಾ, ತಲೆ ಎತ್ತದೆ, "ಇರ್ರೀ, ಬಂದೆ" ಎಂದಳು.

ನಾನು ಬಾಗಿಲಲ್ಲಿದ್ದೆ. ಅಪ್ಪ ಮಂಡಿ ಬಗ್ಗಿಸಿದ, ಪಾದ ತಿರುಗಿಸಿದ, ಕೈ ಎತ್ತಿದ, ಬೀಸಿದ. ಸೊಂಟ ಎಲ್ಲೂ ತಿರುಚಲಿಲ್ಲ, ಬೆನ್ನು ನೆಟ್ಟಗಿತ್ತು, ನೋವಿನಿಂದ ಹುಬ್ಬು ಗಂಟಿಕ್ಕಲಿಲ್ಲ. ನಾನು ಕಲಿಸಿದ ಹಾಗೇ ಮಾಡಿದ. ಅವ್ವನ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವನ ಬೆನ್ನನ್ನು, ಮತ್ತು ಕಣ್ಣು ಮಿಟುಕಿಸುವಷ್ಟು ಹೊತ್ತು ನನಗೆ ಖುಷಿಯಾಯಿತು. ಅದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ. ಆ ಹೊತ್ತಿಗೆ ಏಟು ಬಿದ್ದಾಗಿತ್ತು. ಎಂಟು ತಿಂಗಳಲ್ಲಿ ಅವ್ವ ಬಗ್ಗುವುದನ್ನು ಮರೆತಿದ್ದಳು. ಪೂರ್ತಿ ಕೆನ್ನೆಯ ಮೇಲೆ ಬಿತ್ತು, ಕವಡೆಗಳು ಚರಂಡಿಯವರೆಗೆ ಉರುಳಿದವು. ಪಕ್ಕದ ಮನೆಯವಳು ಸೀರೆ ಎತ್ತಿ ಹಿಡಿದು ಓಡಿದಳು.

ಅವ್ವ ಅಳಲಿಲ್ಲ. ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಮುಂದೆ ಇಟ್ಟಳು. ಆಮೇಲೆ ಮತ್ತೆ ಒಳಗೆ ಹೋಗಿ ಎರಡು ಸೀರೆ, ನನ್ನ ಎರಡು ಚೂಡಿದಾರ, ನನ್ನ ಮಾರ್ಕ್ಸ್ ಕಾರ್ಡು ಬ್ಯಾಗಿಗೆ ತುಂಬಿ, "ನಡಿ" ಎಂದಳು. ಅಪ್ಪ ಜಗುಲಿಯಲ್ಲಿ ಕೂತು ನೀರು ಕುಡಿಯುತ್ತಿದ್ದ. ನಾವು ಅಂಗಡಿಗೆ ಹೊರಟಿದ್ದೇವೆ ಎಂದುಕೊಂಡಿರಬೇಕು. ಕುಶನ್ ಸಾಬರು ಮಾತ್ರ ಬ್ಯಾಗ್ ನೋಡಿ, ಅವ್ವನ ಕೆನ್ನೆ ನೋಡಿ, ಹೊಲಿಗೆ ಮಷೀನು ನಿಲ್ಲಿಸಿ ಎದ್ದು ನಿಂತರು.

ಕುಣಿಗಲ್ ಬಸ್ಸು ಹತ್ತಿದೆವು. ಮಾರ್ಕೋನಹಳ್ಳಿಯ ಹತ್ತಿರ ಅವ್ವನ ತಂಗಿಯ ಮನೆಯಿತ್ತು. ಅವ್ವನ ಬಲಗಡೆಗೆ ಕೂತೆ, ಮಾತಾಡಿದರೆ ಕೇಳಿಸಲಿ ಎಂದು. ನಾನೇ ಎಬ್ಬಿಸಿದೆ, ನಾನೇ ನಿಲ್ಲಿಸಿದೆ, ಹೊಡೆಯಲು ಬೇಕಾದ ಬೆನ್ನನ್ನು ನಾನೇ ಕೊಟ್ಟೆ ಎಂದು ಒಳಗೊಳಗೇ ಉರಿಯುತ್ತಿದ್ದೆ. ಅವ್ವ ಬಿಟ್ಟುಹೋಗುವ ಮಾತನ್ನು ಒಂದು ದಿನವೂ ಆಡಿದವಳಲ್ಲ. ಅವನು ಹಾಸಿಗೆ ಹಿಡಿದ ಎಂಟು ತಿಂಗಳು ಯಾವ ಬೆಳಿಗ್ಗೆ ಬೇಕಾದರೂ ಎದ್ದು ಹೋಗಬಹುದಿತ್ತು, ತಡೆಯುವ ಕೈಯೇ ಇರಲಿಲ್ಲ. ಹೋಗಿರಲಿಲ್ಲ. ಹೆಬ್ಬೂರು ದಾಟಿದ ಮೇಲೆ ಅವಳು ಊದಿದ ಕೆನ್ನೆಯನ್ನು ನನ್ನ ಕಡೆ ತಿರುಗಿಸಿದಳು.

"ಬೆಲ್ಟ್ ಇಲ್ದೇನೇ ಹೊಡುದ್ರು ಅಲ್ವೇನೇ?"

"ಹೂಂ" ಎಂದೆ.

"ನಡ್ಕೊಂಡೇ ಬಂದ್ರು ಸತ್ಯಮಂಗಲದಿಂದ?"

"ಹೂಂ ಅವ್ವ."

"ಹಂಗಾರೆ ಪೂರ್ತಿ ವಾಸಿ ಆಗೈತೆ ಬುಡು," ಎಂದಳು ಅವ್ವ. "ಕಾಯಿಲೆ ಮನುಷ್ಯನ್ನ ಬಿಟ್ಟು ಬಂದ್ಳು ಅನ್ನಂಗಿಲ್ಲ ಯಾರೂ."